ತೊಟ್ಟಿಲಲ್ಲಿ ಮೊದಲು ಮಲಗಿದ ಕಲ್ಲು

ಎಲ್ಲೋ ಕೇಳಿ ಬಂದು ಹೇಳ್ತಿರೋದಲ್ಲ ಇದು, ನಮ್ಮ ಮನೆಯದೇ. ನನ್ನ ದೊಡ್ಡಪ್ಪನ ಮಗಳು ಸಂಧ್ಯಾರಾಣಿ, ಧಾರವಾಡದವಳು, ಈಗ ಇಲ್ಲೇ ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿದ್ದಾಳಲ್ಲ… ಅವಳಿಗೆ ಆಗಿದ್ದು.

ಎರಡು ವರ್ಷದ ಹಿಂದಿನ ಜೂನ್, ಇಲ್ಲಿ ಚಳಿಗಾಲ. ಅವಳಿಗೆ ಏಳು ತಿಂಗಳು. ಆಫೀಸು ಮುಗಿಸಿ ಟ್ರೇನ್ ಇಳಿದಾಗ ಇನ್ನೂ ಆರು ಗಂಟೆ, ಆಗಲೇ ಗವ್ವೆನ್ನೋ ಕತ್ತಲು. ಕಾರು ತರ್ತೀನಿ ಅಂದ ಗಂಡನಿಗೆ ತಾನೇ ಬೇಡ ಅಂದಿದ್ದಳು. ಹತ್ತು ನಿಮಿಷದ ದಾರಿ. ನಡುವೆ ಒಂದು ಹೊಂಡ, ಅದರ ದಂಡೆಗೆ ಒಂದು ಹಳೇ ನೀಲಗಿರಿ ಮರ. ಮರ ದಾಟಿದಳು… ಹಿಂದೆ ಸಪ್ಪಳ. ತಪ್… ಸರ್ರ್. ತಪ್… ಸರ್ರ್. ನಾಯಿ ಅಲ್ಲ, ಬೂಟಲ್ಲ. ಅಂಗೈ ಊರಿ ಮೊಣಕಾಲು ಎಳೆದ ಹಾಗೆ. ತಮ್ಮಂದಿರನ್ನ ಆಡಿಸಿದವಳು, ಆ ಸಪ್ಪಳ ಗೊತ್ತಾಗಲ್ವಾ? ಕೂಸು ಅಂಬೆಗಾಲಿಡೋದು.

ನಿಂತಳು. ಅದೂ ನಿಂತಿತು… ಹಿಂದೆ ತಿರುಗಿ ನೋಡಬೇಡ ಅಂತ ಚಿಕ್ಕಂದಿನಲ್ಲಿ ಹೇಳಿದ್ದು ನೆನಪಾಯಿತು. ನೋಡಲಿಲ್ಲ. ಹೊಟ್ಟೆ ಹಿಡಕೊಂಡು ಮನೆ ಸೇರಿದಳು.

ಇದಕ್ಕೆ ಎರಡು ತಿಂಗಳು ಮುಂಚೆ ಗಂಡ ಹೆಂಡತಿ ಐರ್ಲೆಂಡಿಗೆ ಹೋಗಿದ್ದರು. ಗಂಡ ಡೆಕ್ಲನ್ ಹುಟ್ಟಿದ್ದು ಮೆಲ್ಬರ್ನ್, ಮೂಲ ಮಾತ್ರ ಅಲ್ಲಿಯದು. ಮಗು ಹುಟ್ಟೋದರೊಳಗೆ ವಂಶದ ಬೇರು ಹುಡುಕಬೇಕು ಅಂತ ಅವನಿಗೊಂದು ಹಂಬಲ. ಬಾಡಿಗೆ ಕಾರಿನಲ್ಲಿ ಊರೂರು ಅಲೆದು, ಚರ್ಚಿನ ರಿಜಿಸ್ಟರು ತಿರುವಿ, ಕೊನೆಗೆ ಕ್ಲೇರ್ ಅನ್ನೋ ಕಡೆ ಒಬ್ಬ ಮುದುಕನ್ನ ಹಿಡಿದರು, ದೂರದ ನೆಂಟ. ಡೆಕ್ಲನ್‌ನ ಮುತ್ತಜ್ಜಿಯ ತಾಯಿ ಹೊನೋರಾ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬರೋ ಮುಂಚೆ ಅವಳಿಗೊಂದು ಗಂಡು ಕೂಸು ಹುಟ್ಟಿ, ಆವತ್ತೇ ತೀರಿಹೋಗಿತ್ತಂತೆ. ಚರ್ಚಿನಲ್ಲಿ ಹೆಸರಿಡದೇ ಹೋದ ಕೂಸುಗಳನ್ನ ಆಗ ಸ್ಮಶಾನದ ಒಳಗೆ ಹೂಳ್ತಿರಲಿಲ್ಲ. ಗೋಡೆಯ ಆಚೆ, ಹುಲ್ಲಿನಲ್ಲಿ, ತಲೆಗೊಂದು ಬಿಳಿ ಕಲ್ಲು ಇಟ್ಟು ಬರೋರು. ಅಷ್ಟೇ.

ಬಸುರಿ ಅಂಥ ಕಡೆ ಕಾಲಿಡಬಾರದು. ಇವಳಿಗೆ ಗೊತ್ತಿತ್ತು, ಆದರೂ ಹೋದಳು. ಗಾಳಿಯಲ್ಲಿ ನಿಂತು ಆ ಪುಟ್ಟ ಪುಟ್ಟ ಕಲ್ಲು ನೋಡಿ ಕರುಳು ಚುರ್ರ್ ಅಂತು ಪಾಪ. ಬಾಗಿ, ಮೆಲ್ಲಗೆ, ನಮ್ಮ ಕನ್ನಡದಲ್ಲೇ ಅಂದಳು:

"ಬಾ ಕೂಸ… ನಮ್ಮನಿಗೆ ಬಾ."

ಎಂಥ ಮಾತು ಆಡಿಬಿಟ್ಟಳು ನೋಡಿ! ಅದೇ ಹೊತ್ತಿಗೆ ಡೆಕ್ಲನ್ ನೆನಪಿಗಿರಲಿ ಅಂತ ಅಲ್ಲಿಯ ಒಂದು ಬಿಳಿ ಕಲ್ಲನ್ನ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡ. ಇವಳಿಗೆ ಹೇಳಲಿಲ್ಲ.

ಜೂನ್‌ನಲ್ಲಿ ಅತ್ತೆ ಮನೆಯ ಹಳೇ ಮರದ ತೊಟ್ಟಿಲು ಬಂತು. ಕೂಸು ಹುಟ್ಟೋ ಮುಂಚೆ ತೊಟ್ಟಿಲು ತರಬಾರದು ಅಂತ ಆ ಅತ್ತೆಗೆ ಯಾರು ಹೇಳಬೇಕು? ಹಿಂದಿನ ರೂಮಿನಲ್ಲಿ ಇಟ್ಟರು. ಸಂಜೆ ಸಪ್ಪಳ ಕೇಳಿದ ದಿನದಿಂದ ತೊಟ್ಟಿಲು ತೂಗೋಕೆ ಶುರುವಾಯಿತು. ಕಿರ್ರ್… ಟಕ್. ಕಿರ್ರ್… ಟಕ್. ಹೀಟರಿನ ಬಿಸಿಗೆ ಹಳೇ ಮರ ಹಿಗ್ಗತ್ತೆ ಅಂದ ಡೆಕ್ಲನ್. ಆದರೆ ಅದು ತೂಗಿದಷ್ಟು ಹೊತ್ತು ಹೊಟ್ಟೆಯೊಳಗಿನ ಕೂಸು ಮಿಸುಕ್ತಿರಲಿಲ್ಲ. ಹೊರಗೆ ನಿಂತ ಮೇಲೆ ಒಳಗೆ ಒದೀತಿತ್ತು. ಮೊದಲು ಐದು ನಿಮಿಷ, ಆಮೇಲೆ ಅರ್ಧ ಗಂಟೆ, ಜುಲೈ ಹೊತ್ತಿಗೆ ಮೂರು ಗಂಟೆ. ಸ್ಕ್ಯಾನಿನಲ್ಲಿ ಎಲ್ಲಾ ಸರಿಯಿದೆ. ಇವಳಿಗೆ ಮಾತ್ರ ಜೀವ ಕೈಯಲ್ಲಿ.

ಆಗ ಬಾಣಂತನಕ್ಕೆ ಅಂತ ಬಂದಳು ನಮ್ಮ ದೊಡ್ಡವ್ವ, ಸಂಧ್ಯಾಳ ಅವ್ವ ಶಿವಲಿಂಗವ್ವ. ಮೊದಲ ದಿನವೇ ಸಪ್ಪಳ ಕೇಳಿದಳು. ತೊಟ್ಟಿಲಿನ ಹತ್ತಿರ ಹೋಗಿ ನಿಂತಳು. ಪಿಸುಗುಟ್ಟಿದಳು:

"ಸುಡುಗಾಡಿನಿಂದ ಏನರ ತಂದೀರೇನು?"

ಸಂಧ್ಯಾ ಇಲ್ಲ ಅಂದಳು, ಇಂಗ್ಲಿಷಿನಲ್ಲಿ ಗಂಡನಿಗೂ ಕೇಳಿದಳು. ಅವನು ಎದ್ದುಹೋಗಿ ಜಾಕೆಟ್ಟು ತಂದ. ಜೇಬಿನಿಂದ ಕಲ್ಲು ತೆಗೆದ. ಈಗಲೇ ಹೊಂಡಕ್ಕೆ ಎಸೆದು ಬರ್ತೀನಿ ಅಂತ ಬಾಗಿಲ ತನಕ ಹೋದ. ಸಂಧ್ಯಾ ಅಳ್ತಾ ತಾನು ಕರೆದದ್ದನ್ನೂ ಹೇಳಿಬಿಟ್ಟಳು. ದೊಡ್ಡವ್ವ ಅಳಿಯನ ಕೈಯಿಂದ ಕಲ್ಲು ಇಸಕೊಂಡಳು.

"ನೀ ಕರದಿ, ಅದು ಬಂತು. ಕರದ ಕೂಸನ್ನ ಹೊರಗ ಒಗೀತಾರೇನು? ಹೆಸರಿಟ್ಟು ಕಳಸೋಣ."

ನಮ್ಮ ಕಡೆ ಹೆಸರಿಡೋ ದಿನ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕ್ತಾರೆ, ಆಮೇಲೆ ಕೂಸು. ದೊಡ್ಡವ್ವ ಆ ಬಿಳಿ ಕಲ್ಲಿಗೆ ಎಣ್ಣೆ ಸವರಿ, ಬಿಸಿನೀರಲ್ಲಿ ತೊಳೆದು, ತನ್ನ ಸೀರೆಯ ತುಂಡಿನಲ್ಲಿ ಸುತ್ತಿದಳು. ತೊಟ್ಟಿಲಲ್ಲಿ ಮಲಗಿಸಿದಳು. ಸಂಧ್ಯಾ ಅವ್ವನ ಬೆನ್ನಿಗೆ ಮೆಲ್ಲಗೆ ಬಡಿದಳು, ಶಾಸ್ತ್ರ ಇರೋದೇ ಹಾಗೆ. ದೊಡ್ಡವ್ವ ಬಾಗಿ "ಕುರ್ರ್ರ್…" ಅಂದು ಒಂದು ಹೆಸರು ಉಸುರಿದಳು. ಪಕ್ಕದಲ್ಲಿದ್ದ ಸಂಧ್ಯಾಗೂ ಕೇಳಿಸಲಿಲ್ಲ.

ಕಿರ್ರ್… ಟಕ್. ಇನ್ನೊಮ್ಮೆ… ಕಿರ್ರ್. ನಿಂತಿತು.

ಹೊಟ್ಟೆಯಲ್ಲಿ ಜೋರಾಗಿ ಒಂದು ಒದೆ. ಸಂಧ್ಯಾ ನೆಲಕ್ಕೆ ಕೂತು ಗೊಳೋ ಅಂತ ಅತ್ತಳು.

ಮುಂದಿನ ವಾರ ಡೆಕ್ಲನ್‌ನ ತಮ್ಮ ಐರ್ಲೆಂಡಿಗೆ ಹೊರಟಿದ್ದ. ಕಲ್ಲು ಅವನ ಜೊತೆ ಹೋಯಿತು. ಅದೇ ಹುಲ್ಲಿನಲ್ಲಿ ಇಟ್ಟ ಫೋಟೋನೂ ಕಳಿಸಿದ. ಆಗಸ್ಟ್ ಕೊನೆಗೆ ಸಂಯುಕ್ತಾ ಹುಟ್ಟಿದಳು, ಗುಂಡುಗುಂಡಗೆ. ದೊಡ್ಡವ್ವ ಧಾರವಾಡಕ್ಕೆ ವಾಪಸ್. ಎಲ್ಲಾ ಮುಗೀತು ಅಂದ್ಕೊಂಡೆವು.

ಹೋದ ಭಾನುವಾರ ನಾನು ಇಲ್ಲೇ ಹತ್ತಿರದ ಟ್ರುಗನಿನಾದ ನಮ್ಮ ಮನೆಯಿಂದ ಅವರ ಮನೆಗೆ ಹೋಗಿದ್ದೆ. ರಾತ್ರಿ ದೊಡ್ಡವ್ವನ ವಿಡಿಯೋ ಕಾಲು, ಫೋನ್ ನನ್ನ ಕೈಯಲ್ಲೇ. ಸಂಯುಕ್ತಾಳನ್ನ ಮಲಗಿಸಿದ್ದರು, ಅಜ್ಜಿಗೆ ತೋರಿಸೋಕೆ ನಾನೂ ಸಂಧ್ಯಾನೂ ಅವಳ ಹಾಸಿಗೆ ಹತ್ತಿರ ಹೋದೆವು. ಅವಳಿಗೆ ಕನ್ನಡ ಅರ್ಥ ಆಗತ್ತೆ, ಬಾಯಿಗೆ ಬರೋದು ಇಂಗ್ಲಿಷೇ. ಗೋಡೆಗೆ ಒತ್ತಿಕೊಂಡು ಮಲಗಿದ್ದಳು, ಅರ್ಧ ಹಾಸಿಗೆ ಖಾಲಿ. ಆ ಖಾಲಿ ಕಡೆ ತಿರುಗಿ ಅಂದಳು, ಸ್ಪಷ್ಟವಾಗಿ:

"ಶಾಂತವೀರಾ… ಅತ್ತ ಸರಿ."

ಫೋನಿನಲ್ಲಿ ದೊಡ್ಡವ್ವ ಮುಖ ಹತ್ತಿರ ತಂದಳು. ಆ ಹೆಸರು ಕೂಸಿಗೆ ಯಾರು ಹೇಳಿದ್ರು ಅಂತ ಕೇಳಿದಳು. ಯಾರು ಹೇಳ್ತಾರೆ, ನಮಗೇ ಗೊತ್ತಿಲ್ಲ. ಆಗ ಬಾಯಿಬಿಟ್ಟಳು. ಸಂಧ್ಯಾ ಹುಟ್ಟೋ ಮುಂಚೆ ತನಗೊಂದು ಗಂಡು ಕೂಸಿತ್ತಂತೆ. ಹೆಸರಿಡೋದಕ್ಕೆ ಮೂರು ದಿನ ಇದ್ದಾಗ ಹೋಯಿತಂತೆ. ಅದಕ್ಕೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರು, ದೊಡ್ಡಪ್ಪನಿಗೂ ಹೇಳಿದ್ದಿಲ್ಲ. ಅದನ್ನೇ ಆ ಕಲ್ಲಿಗೆ ಕೊಟ್ಟಿದ್ದಳು.

ಕಣ್ಣೊರೆಸಿಕೊಂಡು ಇಷ್ಟೇ ಅಂದಳು:

"ಥಂಡಿ ಅದ ಅಲ್ಲಿ. ಅವಗೂ ಹೊದಸ್ರಿ."

ಸಂಧ್ಯಾ ಇನ್ನೊಂದು ಹೊದಿಕೆ ತಂದುಕೊಟ್ಟಳು. ಹೊದಿಸಿದವಳು ನಾನು, ನನ್ನ ಈ ಎರಡು ಕೈಯಿಂದ. ನಂಬಿ, ಬಿಡಿ… ಆ ಖಾಲಿ ಕಡೆ ಹಾಸಿಗೆ ಬೆಚ್ಚಗಿತ್ತು.