ಕ್ಯಾರವಾನಿನ ಹೊದಿಕೆಗೊಂದು ಜಿಪ್

ಸ್ಕೂಟರಿಗೆ ಹೊದಿಕೆ ಕೊಳ್ಳಲು ಟಾರ್ಪಾಲಿನ ಅಂಗಡಿಗೆ ಬಂದಿದ್ದ ಟೀಚರಮ್ಮನದು ಮಕ್ಕಳ ಸುಳ್ಳು ಕೇಳಿ ಪಳಗಿದ ಕಿವಿ. ತಮ್ಮ ಕ್ಯಾರವಾನಿಗೆ, ಅಂದರೆ ಮಲಗಿ ಪ್ರವಾಸ ಮಾಡುವ ಮನೆಯಂಥ ಗಾಡಿಗೆ, ಹೊದಿಕೆ ನೋಡುತ್ತಾ ಮುಂದೆ ನಿಂತಿದ್ದ ಗಂಡಹೆಂಡಿರ ಮಾತಿಗೆ ಅದು ನಿಮಿರಿತು.

"ಕ್ಯಾರವಾನು ಆರು ತಿಂಗಳು ಹಿತ್ತಲಲ್ಲೇ ನಿಂತಿರುತ್ತೆ. ಮುಚ್ಚದಿದ್ರೆ ಬಿಸಿಲಿಗೆ ಬಣ್ಣ ಹೋಗುತ್ತೆ ಕಣೇ."

"ಮುಚ್ಚಿದ್ರೆ ತೇವ ಕೂತು ಬೂಷ್ಟು ಹಿಡಿಯುತ್ತೆ ಅಂತ ಹೋದ ವರ್ಷ ನೀವೇ ಅಂದ್ರಲ್ಲ?"

"ಇದು ಗಾಳಿಯಾಡೋ ಬಟ್ಟೆ."

"ಸರಿ, ಬಾಗಿಲ ಹತ್ತಿರ ಜಿಪ್ ಯಾಕೆ?"

"ಆಗಾಗ ಒಳಗೆ ಹೋಗಿ ಬೂಷ್ಟು ನೋಡ್ಬೇಕಲ್ಲ."

"ಬೂಷ್ಟು ನೋಡೋಕೆ ಬೆಂಕಿಪೊಟ್ಟಣ ಯಾಕ್ರೀ? ಅಲ್ಲಿನ ದಿಂಬಿನ ಕೆಳಗೆ ಸಿಕ್ತು. ಎದೆ ಆಪರೇಷನ್ ಆಗಿ ಮೂರು ತಿಂಗಳಾಗಿಲ್ಲ!"

ಗಂಡ ಜಿಪ್ಪನ್ನು ಎಳೆದು ನೋಡತೊಡಗಿದ.

"ಅಣ್ಣಾ, ಜಿಪ್ಪಿಗೆ ಬೀಗಾನೂ ಕೊಡಿ," ಎಂದಳು ಹೆಂಡತಿ ಅಂಗಡಿಯವನಿಗೆ.

ಬೀಗದ ಕೀ ಅವಳ ಪರ್ಸಿಗೆ ಹೋಯಿತು. ಗಂಡ ಬಗ್ಗುವ ಮೊದಲೇ ಹೊದಿಕೆಯ ಗಂಟನ್ನು ತಾನೇ ಎತ್ತಿಕೊಂಡಳು. ಮೆಟ್ಟಿಲಿಳಿಯುವಾಗ ಅವನ ಜೇಬನ್ನೂ ಒಮ್ಮೆ ತಟ್ಟಿ ನೋಡಿದಳು.