ಮಾರ್ಕರ್ ನಾಗಯ್ಯ ಹೇಳಿಕೊಟ್ಟ ಆಟ

ದೀಪ ಸ್ವಲ್ಪ ಸಣ್ಣ ಮಾಡಿ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಬೇಡ... ಇದು ನಮ್ಮ ಪಕ್ಕದ ಮನೆ ಷಡಕ್ಷರಿಗೆ ಆದದ್ದು. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ.

ರಾತ್ರಿ ಒಂಬತ್ತೂವರೆ. ಷಡಕ್ಷರಿ ಆಫೀಸರುಗಳ ಕ್ಲಬ್ಬಿನಿಂದ ಒಬ್ಬನೇ ಮನೆಗೆ ಬರುತ್ತಿದ್ದ. ಕೈಲೊಂದು ಬೆತ್ತ. ಸಿಟ್ಟಿಗೆ ಮೈಯೆಲ್ಲ ಉರಿ. ರೇಷ್ಮೆ ವ್ಯಾಪಾರದ ಮನೆತನ, ಮೂವತ್ತು ದಾಟಿದ ಗಂಡಸು... ಒಂದು ವರ್ಷದಿಂದ ಒಂದು ಬಿಳಿ ಚೆಂಡನ್ನು ನೆಟ್ಟಗೆ ಹೊಡೆಯಲಿಕ್ಕೆ ಆಗಿರಲಿಲ್ಲ.

ಬಿಲಿಯರ್ಡ್ಸ್ ಆಟ ನೋಡಿದ್ದೀರಾ? ಹಸಿರು ಬಟ್ಟೆ ಬಿಗಿದ ದೊಡ್ಡ ಮೇಜು. ಅಂಚಿನಲ್ಲಿ ಆರು ಬಲೆಚೀಲ. ಚೆಂಡು ಮೂರೇ, ಎರಡು ಬಿಳಿ, ಒಂದು ಕೆಂಪು. ಕೋಲಿನ ತುದಿಯಿಂದ ನಿಮ್ಮ ಬಿಳಿ ಚೆಂಡನ್ನು ಹೊಡೆಯಬೇಕು. ಅದು ಹೋಗಿ ಮಿಕ್ಕೆರಡಕ್ಕೂ ತಾಗಿದರೆ ಎರಡು ಪಾಯಿಂಟು. ಕೆಂಪನ್ನು ಚೀಲಕ್ಕೆ ಕೆಡವಿದರೆ ಮೂರು. ಕೆಂಪಿಗೆ ತಾಗಿ ನಿಮ್ಮ ಚೆಂಡೇ ಚೀಲಕ್ಕೆ ಬಿದ್ದರೂ ಮೂರು. ತಪ್ಪುವವರೆಗೂ ಸರದಿ ನಿಮ್ಮದೇ. ಕೇಳೋದಕ್ಕೆ ಸುಲಭ.

ಆದರೆ ಷಡಕ್ಷರಿ ಮೇಜಿನ ಮೇಲೆ ಬಗ್ಗಿದ ಕೂಡಲೇ ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಂದಕ್ಕೆ ಜೋತುಬೀಳುತ್ತಿತ್ತು. ಬೆಳ್ಳಿಯದು, ತೂಕದ್ದು. ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿದರೂ ಬಟ್ಟೆಸಮೇತ ತೂಗಿ, ಟಕ್ ಅಂತ ಕೋಲಿಗೆ ಬಡಿಯುತ್ತಿತ್ತು. ಕೋಲು ಅದುರೋದು, ಚೆಂಡು ಸೊಟ್ಟ ಹೋಗೋದು. ಬಡಿಯದಿರಲಿ ಅಂತ ಎದೆ ಎತ್ತಿದರೆ ಗುರಿಯೇ ಸಿಕ್ಕುತ್ತಿರಲಿಲ್ಲ. ಲಿಂಗ ತೆಗೆದಿಟ್ಟು ಆಡುವ ಮಾತು ಅವನ ಮನಸ್ಸಿಗೂ ಬಂದದ್ದಿಲ್ಲ.

ಹಿಂದಿನ ವಾರ ಕೋಲು ಜಾರಿ ಹಸಿರು ಬಟ್ಟೆ ಅರ್ಧ ಗೇಣು ಹರಿದಿತ್ತು. ಕ್ಲಬ್ಬಿನ ಕಾರ್ಯದರ್ಶಿ ವಕೀಲ ಗೋವಿಂದಯ್ಯ ಆವತ್ತು ಖಡಾಖಂಡಿತ ಹೇಳಿಬಿಟ್ಟಿದ್ದ. ಬರುವ ಭಾನುವಾರ ಎಲ್ಲರೆದುರು ಒಂದೇ ಸರದಿಯಲ್ಲಿ ಇಪ್ಪತ್ತು ಪಾಯಿಂಟು ಹೊಡೆಯಬೇಕು. ಆಗದಿದ್ದರೆ ಷಡಕ್ಷರಿ ಒಬ್ಬನಿಗಲ್ಲ, ಪೇಟೆಯ ವ್ಯಾಪಾರದವರಲ್ಲಿ ಯಾರಿಗೂ ಇನ್ನು ಮೇಜು ಮುಟ್ಟಲು ಬಿಡೋದಿಲ್ಲ. ಆ ಕ್ಲಬ್ಬಿಗೆ ಸೇರಿದ ಪೇಟೆಯ ಮೊದಲನೆಯವನು ಷಡಕ್ಷರಿಯೇ. ಸೋತರೆ ಊರಿಗೆ ಊರೇ ಆಡಿಕೊಳ್ಳುತ್ತೆ.

ತೋಪಿನ ಬಾವಿ ಹತ್ತಿರ ಬಂದಾಗ ತಡೆಯಲಾಗಲಿಲ್ಲ. ಬಾವಿಕಟ್ಟೆಗೆ ಬೆತ್ತ ಕುಟ್ಟಿದ.

“ಎಲ್ಲಿ ತಪ್ತಾ ಇದೆ ಅಂತ ಒಬ್ರಾದ್ರೂ ಹೇಳಬಾರದಾ...”

ಗಾಳಿಯಿರಲಿಲ್ಲ. ಬಾವಿಯ ರಾಟೆ ಒಂದು ಸುತ್ತು ಸುತ್ತಿತು. ಕಿರ್‍ರ್... ಆಮೇಲೆ ಪಿಸುಮಾತು.

“ದಾರ ಉದ್ದ ಆಯ್ತು ಸಾ.”

ಕಟ್ಟೆಯ ಆ ತುದೀಲಿ ಯಾರೋ ಕಂಬಳಿ ಹೊದ್ದು ಕೂತಿದ್ದರು.

“ಯಾರ್ಲಾ ಅದು?”

“ಶಿವದಾರ ಗಿಡ್ಡ ಮಾಡಿಸ್ಕಳಿ. ಕರಡಿಗೆ ಗಂಟ್ಲತಾವ ನಿಲ್ಬೇಕು. ಆಗ ಕೋಲ್ಗೆ ತಾಕಲ್ಲ.”

ಆ ದನಿ ಷಡಕ್ಷರಿಗೆ ಚೆನ್ನಾಗಿ ಗೊತ್ತು. ಕ್ಲಬ್ಬಿನ ಮೂಲೇಲಿ ಬರಿಗಾಲಲ್ಲಿ ನಿಂತು, ಇಪ್ಪತ್ತೆರಡು ವರ್ಷ ಪಾಯಿಂಟು ಕೂಗಿದ ದನಿ. ಮಾರ್ಕರ್ ನಾಗಯ್ಯನದು. ನಾಗಯ್ಯ ಸತ್ತು ನಾಲ್ಕು ತಿಂಗಳಾಗಿತ್ತು. ಮಣ್ಣಿಗೆ ಷಡಕ್ಷರಿಯೇ ಹೋಗಿ ಬಂದಿದ್ದ.

ಓಡಿದ. ಎಕ್ಕಡ ಅಲ್ಲೇ ಬಿತ್ತು.

ಬೆಳಗ್ಗೆ ಎದ್ದವನೇ ಶಿವದಾರ ಗಿಡ್ಡ ಮಾಡಿಕೊಡು ಅಂತ ಹೆಂಡತಿ ಶಿವರತ್ನಮ್ಮನನ್ನು ಕೇಳಿದ. ಯಾಕೆ ಅಂತ ಅವಳು ಕೇಳಿದಳು. ಆಟಕ್ಕೆ ಅಂದ. ಆಟಕ್ಕೋಸ್ಕರ ಯಾರಾದರೂ ಶಿವದಾರಕ್ಕೆ ಕೈಹಾಕುತ್ತಾರಾ ಅಂತ ಅವಳು ಬೈದಳು, ಬೈಯುತ್ತಲೇ ಗಂಟು ಹಾಕಿಕೊಟ್ಟಳು. ಸಂಜೆ ಕ್ಲಬ್ಬಿನಲ್ಲಿ ಬಗ್ಗಿ ಹೊಡೆದ. ಕರಡಿಗೆ ಅಲ್ಲಾಡಲಿಲ್ಲ. ಬಿಳಿ ಚೆಂಡು ಗೆರೆ ಎಳೆದ ಹಾಗೆ ಹೋಯಿತು. ಒಂದು ವರ್ಷ... ಒಂದು ಗಂಟಿನ ಮಾತಿಗೆ ಒಂದು ವರ್ಷ ಹಾಳು. ಸಂತೋಷಕ್ಕಿಂತ ಹೊಟ್ಟೆಯುರಿಯೇ ಜಾಸ್ತಿಯಾಯಿತು ಅವನಿಗೆ.

ಹೆದರಿಕೆ ಇರಲಿಲ್ಲ ಅಂತಲ್ಲ. ಆದರೆ ಭಾನುವಾರಕ್ಕೆ ನಾಲ್ಕೇ ದಿನ ಇತ್ತು. ಆವತ್ತು ರಾತ್ರಿ ತಾನಾಗಿಯೇ ಬಾವಿಗೆ ಹೋದ. ಕಟ್ಟೆಯ ಮೇಲೆ ಎಡಗೈ ಊರಿ, ಹೆಬ್ಬೆರಳು ಎತ್ತಿ, ಆ ಸಂದಿನಲ್ಲಿ ಬೆತ್ತ ಇಟ್ಟ. ಪಿಸುಮಾತು ಒಂದೊಂದೇ ಹೇಳಿಕೊಟ್ಟಿತು. ಗದ್ದ ಕೋಲಿನ ನೇರಕ್ಕೆ ಇಳಿಯಬೇಕು. ತೋಳು ಅಲುಗಬಾರದು, ಮೊಳಕೈಯಿಂದ ಕೆಳಗಷ್ಟೇ ಆಡಬೇಕು. ಗುದ್ದಬಾರದು, ತಳ್ಳಬೇಕು. ಹೊಡೆಯೋ ಗಳಿಗೇಲಿ ಕಣ್ಣು ಎದುರಿನ ಚೆಂಡಿನ ಮೇಲಿರಬೇಕು. ಬೆತ್ತ ಸರಿಯಾಗಿ ಹೋದಾಗೆಲ್ಲ ಬಾವಿಯ ಆಳದಿಂದ ಒಂದು ಸದ್ದು... ಚೆಂಡಿಗೆ ಚೆಂಡು ತಾಗುವ ಸದ್ದು. ಟಕ್. ತಪ್ಪಿದರೆ ಏನೂ ಇಲ್ಲ.

ಮುಖ ಒಂದು ದಿನವೂ ಕಾಣಲಿಲ್ಲ. ಶನಿವಾರ ಷಡಕ್ಷರಿ ಕೇಳಿಯೇಬಿಟ್ಟ.

“ಇಷ್ಟೆಲ್ಲಾ ಗೊತ್ತಿದ್ದೋನು ಬದುಕಿದ್ದಾಗ ಯಾಕ್ಲಾ ಬಾಯಿ ಬಿಡ್ನಿಲ್ಲ?”

“ಆಫೀಸರ್ ಮುಂದೆ ಮಾರ್ಕರ್ ಪಾಯಿಂಟ್ ಮಾತ್ರ ಕೂಗಬೇಕು ಸಾ. ಬ್ಯಾರೆ ಮಾತಾಡಂಗಿಲ್ಲ.”

“ನೀನು ಒಂದ್ಸಲಕ್ಕೆ ಎಷ್ಟು ಹೊಡೀತಿದ್ದೆ?”

ರಾಟೆ ಕಿರ್‍ರ್ ಅಂದಿತು.

“ಕೋಲ ಒರಸಿವ್ನಿ ಸಾ. ಹೊಡ್ದಿಲ್ಲ.”

ಭಾನುವಾರ ಸಂಜೆ. ಮೇಜಿನ ಮೇಲೆ ಪೆಟ್ರೋಮ್ಯಾಕ್ಸ್ ಸುಸ್ ಅಂತ ಉರೀತಿತ್ತು. ಏಳೆಂಟು ಜನ ಆಫೀಸರುಗಳು ಕುರ್ಚಿ ಎಳೆದುಕೊಂಡು ಕೂತಿದ್ದರು. ಷಡಕ್ಷರಿ ಬಗ್ಗಿದ. ಎರಡು. ಮೂರು. ಮತ್ತೆ ಮೂರು. ಹತ್ತಾಯಿತು, ಹದಿಮೂರಾಯಿತು. ಹದಿನಾರಕ್ಕೆ ಗೋವಿಂದಯ್ಯ ಸಿಗರೇಟು ಸೇದೋದು ನಿಲ್ಲಿಸಿದ. ಹದಿನೆಂಟು.

ಇನ್ನೊಂದೇ ಏಟು. ಕೆಂಪು ಚೆಂಡು ಆ ಕೊನೆಯಲ್ಲಿ ಅಂಚಿಗೆ ಒತ್ತಿ ನಿಂತಿತ್ತು. ಅದರ ಮಗ್ಗುಲು ಸವರಿ ಬಿಳಿ ಚೆಂಡು ಮೂಲೆಯ ಚೀಲಕ್ಕೆ ಬೀಳಬೇಕು. ಎಷ್ಟು ತೆಳ್ಳಗೆ ಸವರಬೇಕು ಅನ್ನೋದು ಬಾವಿಕಟ್ಟೆ ಮೇಲೆ ಬಂದಿರದ ಪಾಠ. ಷಡಕ್ಷರಿ ಕೋಲು ಹಿಡಿದು ಕಾದ. ಕಾದೇ ಕಾದ... ಕೊನೆಗೆ ನಾಗಯ್ಯ ನಿಲ್ಲುತ್ತಿದ್ದ ಮೂಲೆಯ ಕಡೆ ತಿರುಗಿ, ಮೆಲ್ಲಗೆ ಕೇಳಿದ.

“ಎಷ್ಟು ತೆಳ್ಳಗೆ?”

ಆಫೀಸರುಗಳು ಮುಖ ಮುಖ ನೋಡಿಕೊಂಡರು. ಮೂಲೆಯಿಂದ ಉಸಿರೂ ಬರಲಿಲ್ಲ. ಆಗ ಹೊಳೆಯಿತು ಅವನಿಗೆ. ಆಫೀಸರುಗಳು ಕೂತಿದ್ದಾರೆ. ನಾಗಯ್ಯ ಸತ್ತರೂ ಬಾಯಿ ಬಿಡೋದಿಲ್ಲ.

ಸಿಟ್ಟಿನಲ್ಲಿ ಹೊಡೆದ. ಬಿಳಿ ಚೆಂಡು ಕೆಂಪನ್ನು ಸವರದೆ ದಪ್ಪಕ್ಕೆ ತಾಗಿ, ಚೀಲದ ಬಾಯಿಗೆ ಬಡಿದು, ಹಿಂದಕ್ಕೆ ಉರುಳಿತು.

ಗೋವಿಂದಯ್ಯ ಎದ್ದು ನಿಂತ. ಇನ್ನು ಪೇಟೆಯವರಿಗೆ ಮೇಜು ಇಲ್ಲ ಅಂದ. ಎಲ್ಲರೂ ಹೊರಗೆ ಬಂದ ಮೇಲೆ ತಾನೇ ಬೀಗ ಹಾಕಿ, ಬೀಗದಕೈ ಜೇಬಿಗಿಟ್ಟುಕೊಂಡ. ಷಡಕ್ಷರಿ ಬಾವಿಗೆ ಹೋಗಿ ಗಂಟಲು ಹರಿಯುವ ಹಾಗೆ ಬೈದ. ಕಟ್ಟೆ ಮೇಲೆ ಯಾರೂ ಇರಲಿಲ್ಲ. ರಾಟೆಯೂ ತಿರುಗಲಿಲ್ಲ.

ಬೆಳಗ್ಗೆ, ನಿನ್ನ ಸ್ವಂತ ಕೋಲು ಬಂದು ತಗೊಂಡು ಹೋಗು ಅಂತ ಗೋವಿಂದಯ್ಯ ಹೇಳಿಕಳಿಸಿದ. ಇಬ್ಬರೂ ಒಟ್ಟಿಗೇ ಬಾಗಿಲು ತೆಗೆದು ಒಳಗೆ ಹೋದರು. ಕಿಟಕಿಗಳೆಲ್ಲ ಹಾಕಿದ ಹಾಗೇ ಇದ್ದವು. ಗೋಡೆಯ ಹಲಗೆಯ ಮೇಲೆ ಪಾಯಿಂಟು ತೋರಿಸುವ ಹಿತ್ತಾಳೆ ಮುಳ್ಳು ಹದಿನೆಂಟರಲ್ಲಿ ಇರಲಿಲ್ಲ. ಇಪ್ಪತ್ತೊಂದರಲ್ಲಿತ್ತು. ಷಡಕ್ಷರಿಯ ಕೋಲು ಮೇಜಿಗೆ ಒರಗಿತ್ತು. ಮೇಜಿನ ಮೇಲೆ ಎರಡೇ ಚೆಂಡು, ಒಂದು ಬಿಳಿ, ಒಂದು ಕೆಂಪು.

ಗೋವಿಂದಯ್ಯ ಮೂಲೆಯ ಚೀಲಕ್ಕೆ ಕೈ ಹಾಕಿದ. ಹಾಕಿದವನು ಫಕ್ಕನೆ ಕೈ ಎಳೆದುಕೊಂಡ. ಷಡಕ್ಷರಿ ಮುಂದೆ ಹೋಗಿ ತಾನೇ ಚೆಂಡು ತೆಗೆದ. ಇಪ್ಪತ್ತೆರಡು ವರ್ಷ ಆಸೆ ಅದುಮಿಟ್ಟುಕೊಂಡವನು ಈ ಒಂದು ಏಟನ್ನು ತನಗೇ ಉಳಿಸಿಕೊಂಡನಲ್ಲ ಅಂತ ಅವನಿಗೆ ಅಳುವೇ ಬಂತಂತೆ. ನಾಗಯ್ಯನಿಗಾಗಿ ಅತ್ತೆನೋ ತನಗಾಗಿ ಅತ್ತೆನೋ ಅಂತ ಅವನಿಗೇ ಗೊತ್ತಾಗಲಿಲ್ಲವಂತೆ.

ಇದನ್ನೆಲ್ಲ ಷಡಕ್ಷರಿ ನಮ್ಮ ಜಗಲಿ ಮೇಲೆ ಕೂತು, ಲಿಂಗ ಮುಟ್ಟಿ ಹೇಳಿದ. ನಾನು ಕಿವಿಯಾರೆ ಕೇಳಿದ್ದೇನೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ಮಾಗಿ ಚಳಿ, ರಾತ್ರಿಯೆಲ್ಲಾ ಬೀಗ ಹಾಕಿದ ಕೋಣೆ... ಆ ಚೆಂಡು ಬೆಚ್ಚಗಿತ್ತು.