ಅಂಗಳದ ಬೋರ್ಡು

ನಾಯಿಗೆ ಲೈಸೆನ್ಸ್ ಮಾಡಿಸಲು ಒಹಾಯೊದ ನಮ್ಮೂರ ಟೌನ್ ಆಫೀಸಿನಲ್ಲಿ ಸರದಿ ಕಾಯುತ್ತಿದ್ದೆ. ಮುಂದಿದ್ದ ಲೊರೇನ್ ಕ್ಯುಬಿಯಾಕ್, ಗುಮಾಸ್ತ ಡಾಯ್ಲ್‌ನ ಮೇಲೆ ಹರಿಹಾಯುತ್ತಿದ್ದರು.

“ನಮ್ಮನೆ ಮುಂದಿನ ಚುನಾವಣಾ ಪ್ರಚಾರದ ಬೋರ್ಡ್ ಕಿತ್ಕೊಂಡು ಬಂದಿದ್ದು ಯಾರೋ?”

“ನಾವೇ, ಲೊರೇನ್. ಫುಟ್‌ಪಾತಿಗೂ ರಸ್ತೆಗೂ ಮಧ್ಯೆ ನೆಟ್ಟಿದ್ರಿ. ಆ ಹುಲ್ಲಿನ ಪಟ್ಟಿ ಊರಿಗೆ ಸೇರಿದ್ದು.”

“ಹಾಗಾದ್ರೆ ಹುಲ್ಲು ಕತ್ತರಿಸೋಕೂ ಊರೇ ಬರ್ಲಿ! ಪ್ರತಿ ಶನಿವಾರ ಮಷೀನ್ ತಳ್ಳಿ ಸಾಯೋಳು ನಾನು.”

“ಕತ್ತರಿಸದಿದ್ರೆ ದಂಡ ಹಾಕ್ತೀವಿ.”

“ಹುಲ್ಲು ಬೆಳೆದ್ರೆ ನಂದು, ಬೋರ್ಡ್ ನೆಟ್ರೆ ನಿಮ್ದಾ? ಯಾವ ತಲೆಕೆಟ್ಟೋನು ಮಾರಾಯ ಈ ರೂಲ್ಸ್ ಮಾಡಿದ್ದು?”

ಡಾಯ್ಲ್ ಒಳಗಿನಿಂದ ಬೋರ್ಡು ತಂದು ಕೌಂಟರಿನ ಮೇಲಿಟ್ಟ. ‘ಕೌನ್ಸಿಲಿಗೆ ಮತ್ತೊಮ್ಮೆ ವಾಲ್ಟ್ ಕ್ಯುಬಿಯಾಕ್’ ಎಂದಿತ್ತು.

“ನಿಮ್ಮ ಯಜಮಾನ್ರೇ. ಹೋದ ವರ್ಷ ಹಟ ಹಿಡಿದು ಪಾಸ್ ಮಾಡಿಸಿದ್ರು.”

“ಅಲ್ಲಿ ಬೋರ್ಡ್ ನೆಟ್ಟಿದ್ದೂ ಆ ಮನುಷ್ಯನೇ ಕಣೋ!”

ಲೊರೇನ್ ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದರು.

“ಮನೆ ಮೆಟ್ಟಿಲ ಪಕ್ಕ ನೆಟ್ರೆ ಯಾರೂ ಕೀಳಲ್ಲ ತಾನೆ?”

“ಇಲ್ಲ, ಅದು ನಿಮ್ಮದೇ ಜಾಗ. ಯಾರ ಬೋರ್ಡ್ ಬೇಕಾದ್ರೂ ನೆಡಿ.”

“ಸರಿ ಹಾಗಾದ್ರೆ. ವಾಲ್ಟ್ ವಿರುದ್ಧ ನಿಂತಿದಾಳಲ್ಲ, ಅವಳ ಬೋರ್ಡ್ ಎಲ್ಲಿ ಕೊಡ್ತಾರೆ ಹೇಳು.”